ಬೇವಿನ ಸಸಿ ನೆಡುವ ಮೊದಲು

ಬೆಟಗೇರಿ,
ಫೆಬ್ರವರಿ ಮೂವತ್ತು, ಇಸವಿ ಎರಡು ಸಾವಿರದ ನೂರಾ ನಲವತ್ತೊಂದು

ತುಳಜವ್ವ ಅಜ್ಜಿಗೆ, ನಿಮ್ಮ ಐದನೆಯ ತಲೆಮಾರಿನ ಫಕೀರವ್ವ ಮಾಡುವ ಶರಣುಗಳು.

ನಮ್ಮ ಕಾಲದಲ್ಲಿ ಫೆಬ್ರವರಿಗೆ ಮೂವತ್ತು ದಿನ. ಅದರ ಕಥೆ ದೊಡ್ಡದು, ಬಿಡಿ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ನೀವು ಈಗ ಬೇವಿನ ಸಸಿ ಹಿಡಿದು ಮನೆಯ ಮುಂದೆ ನಿಂತಿರಬಹುದೆಂದು ಅಂದಾಜು ಮಾಡಿ ಬರೆಯುತ್ತಿದ್ದೇನೆ. ಗುಂಡಿ ತೋಡುವ ಮೊದಲು ಪೂರ್ತಿ ಓದಿ.

ನಮ್ಮ ಓಣಿಯ ಹದಿನೇಳು ಮನೆಗಳ ಮಾಳಿಗೆಯ ಮೇಲೂ ಬಿಸಿಲುಹಲಗೆಗಳಿವೆ. ನೀವು ಸೋಲಾರ್ ಎನ್ನುತ್ತಿದ್ದಿರಂತೆ. ಅವು ಕೊಡುವ ಕರೆಂಟು ‘ಓಣಿತಂತಿ’ಗೆ ಇಳಿದು, ಯಾರಿಗೆ ಕಡಿಮೆಯೋ ಅವರ ಮನೆಗೆ ತಾನಾಗಿ ಹರಿಯುತ್ತದೆ. ಅದಕ್ಕೆ ಪ್ರತಿಯಾಗಿ ಮಾಡಬೇಕಾದದ್ದು ಒಂದೇ. ಸಂಜೆ ಮೊದಲ ದೀಪ ಹಾಕುವಾಗ, ಅಂದು ಎಲ್ಲರಿಗಿಂತ ಹೆಚ್ಚು ಕೊಟ್ಟ ಮನೆಯವರ ಹೆಸರನ್ನು ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಹೇಳಬೇಕು. ಇದಕ್ಕೆ ‘ಹೆಸರುದೀಪ’ ಎನ್ನುತ್ತೇವೆ.

ಹನ್ನೊಂದು ವರ್ಷಗಳಿಂದ ಓಣಿಯಲ್ಲಿ ಕೇಳುವುದು ಒಂದೇ ಹೆಸರು, ಎದುರುಮನೆಯ ಶಿವಗಂಗವ್ವನದು. ಅವಳ ಮಾಳಿಗೆಗೆ ದಿನವಿಡೀ ಬಿಸಿಲು. ನನ್ನದಕ್ಕೆ ಹತ್ತು ಗಂಟೆಯ ಮೇಲೆ ನಿಮ್ಮ ಬೇವಿನ ನೆರಳು. ನನ್ನ ಮಗ್ಗ ಓಡುವುದು ಅವಳ ಬಿಸಿಲಿನಿಂದ. ಹೊಟ್ಟೆ ಉರಿಯುತ್ತದೆ ಅಜ್ಜಿ, ಮುಚ್ಚುಮರೆ ಏಕೆ? ದಿನವೂ ನನ್ನ ಬಾಯಿಂದಲೇ ಅವಳ ಹೆಸರು ಹೇಳಬೇಕು. ಅವಳೋ, ಕೇಳಿಸಿಯೂ ಕೇಳಿಸದವಳಂತೆ ಹೂ ಕಟ್ಟುತ್ತ ಕೂತಿರುತ್ತಾಳೆ. ಹೋದ ತಿಂಗಳು ಸಿಟ್ಟಿಗೆ ನನ್ನ ಮನೆಯನ್ನು ಓಣಿತಂತಿಯಿಂದ ಬಿಡಿಸಿಬಿಟ್ಟೆ. ಎಂಟು ದಿನ ಮಗ್ಗ ನಿಂತಿತು. ಒಂಬತ್ತನೆಯ ದಿನ ಬಾಲ ಮುದುರಿಕೊಂಡು ಮತ್ತೆ ಸೇರಿದೆ. ಬಿಟ್ಟು ಸೇರಿದವರು ಹೆಸರನ್ನು ಎರಡು ಸಲ ಹೇಳಬೇಕೆಂಬುದು ನಮ್ಮ ಓಣಿಯ ಪದ್ಧತಿ. ಹೇಳಿದೆ.

ಒಂದು ಸಲವಾದರೂ ಓಣಿ ‘ಫಕೀರವ್ವ’ ಎನ್ನಬೇಕು, ನನಗೆ ಬೇಕಾದದ್ದು ಅಷ್ಟೇ. ಬೇವು ಕಡಿಸಲು ನಾಳೆಗೆ ಆಳು ಗೊತ್ತುಮಾಡಿದೆ. ಆಳು ಕೈಕೊಟ್ಟರೆ ಇರಲಿ ಎಂದು ನಿಮಗೂ ಬರೆಯಲು ಕೂತೆ. ಆ ಸಸಿಯನ್ನು ಎದುರುಮನೆಯ ಮುಂದೆ ನೆಟ್ಟುಬಿಡಿ, ನೆರಳು ಅವರ ಮಾಳಿಗೆಯ ಮೇಲೆ ಬೀಳಲಿ.

ಇಷ್ಟು ಬರೆಯುವಷ್ಟರಲ್ಲಿ ಸುದ್ದಿ ಮುಟ್ಟಿ ಶಿವಗಂಗವ್ವನೇ ಓಡಿಬಂದಳು. ಕಣ್ಣಲ್ಲಿ ನೀರಿತ್ತು.

“ಗಿಡಾ ಕಡಿಸಬ್ಯಾಡ್ರಿ ಫಕೀರವ್ವಾರ. ನನ್ನ ಹೆಸರು ಹೇಳೂದು ಒಂದು ಗಳಿಗಿ. ದಿನಾ ಮಧ್ಯಾಹ್ನ ಓಣಿ ಮಂದಿಯೆಲ್ಲಾ ಬಂದು ಕುಂದ್ರೂದು ನಿಮ್ಮ ಗಿಡದ ಬುಡಕ್ಕ. ನನ್ನ ಕಟ್ಟಿ ಕಾದ ಹಂಚಿನಂಗ ಇರತೈತಿ, ಯಾರ ಬರ್ತಾರ? ಹನ್ನೊಂದು ವರ್ಷ ನಿಮ್ಮನ್ನ ನೋಡಿ ಹೊಟ್ಟಿ ಉರಕೊಂಡೀನಿ. ಈ ಗಿಡಾನೂ ಹೋದ್ರ ನಾ ಎಲ್ಲಿ ಕುಂದರ್ಲಿ?”

ನನಗೆಷ್ಟು ಸಂತೋಷವಾಯಿತೆಂದು ಹೇಳಲಾರೆ. ಅವಳನ್ನು ಕೂರಿಸಿ ಚಹಾ ಕೊಟ್ಟೆ. ಆಳಿಗೆ ಬರಬೇಡವೆಂದು ಹೇಳಿ ಕಳಿಸಿದೆ.

ಆದ್ದರಿಂದ ಅಜ್ಜಿ, ಮೇಲಿನ ಮಾತು ಮರೆತುಬಿಡಿ. ಸಸಿಯನ್ನು ನಮ್ಮ ಮನೆಯ ಮುಂದೆಯೇ ನೆಡಿ, ಒಂದು ಗೇಣೂ ಆಚೀಚೆ ಬೇಡ. ಇನ್ನೊಂದು ಸಸಿ ಉಳಿದಿದ್ದರೆ ಯಾರಿಗಾದರೂ ಕೊಡಿ. ಎದುರುಮನೆಯವರಿಗೆ ಮಾತ್ರ ಕೊಡಬೇಡಿ.

ನಿಮ್ಮ,
ಫಕೀರವ್ವ