ಕಿರಿಯವನು ಹಂಚಿದ ಮೂರು ಪಾಲು

ಬ್ರಿನ್‌ಗ್ವಿನ್,
ಮಾವನವರನ್ನು ಮಣ್ಣು ಮಾಡಿದ ಇಪ್ಪತ್ತೊಂದನೆಯ ದಿನ

ನನ್ನವರಾದ ಮಡೋಗ್ ಅವರಿಗೆ ಗ್ವೆರ್ವಿಲ್ ಮಾಡುವ ನಮಸ್ಕಾರ.

ನಿಮ್ಮ ಕೆಮ್ಮು ಹೇಗಿದೆ? ಒತ್ತೆಯಾಳುಗಳಿಗೆ ಆ ಆಂಗ್ಲ ರಾಜ ಚಳಿ ಕಾಯಿಸಿಕೊಳ್ಳಲು ಬೆಂಕಿಯನ್ನಾದರೂ ಕೊಡುತ್ತಾನೋ ಇಲ್ಲವೋ. ಕಾಲುಚೀಲ, ಚೀಸು ಕಳಿಸಿದ್ದೇನೆ. ಮಗಳು ಹುನಿದ್‌ಗೆ ಎರಡು ಹಲ್ಲು ಬಿದ್ದಿವೆ. ನಾನು ಹೇಳಿದ್ದನ್ನು ಪಾದ್ರಿ ಮೈಲಿರ್ ಬರೆಯುತ್ತಿದ್ದಾರೆ, ಅವರೇ ಬಂದು ನಿಮಗೆ ಓದಿ ಹೇಳುತ್ತಾರೆ. ಬೈಗುಳ ಬಂದಲ್ಲೆಲ್ಲ ಅವರು ಹಾರಿಸಿಬಿಡುತ್ತಾರೆ, ಕೇಳಿ ಓದಿಸಿಕೊಳ್ಳಿ.

ನನ್ನ ತಲೆ ಕೆಟ್ಟು ಹೋಗಿದೆ. ಪದ್ಧತಿಯಂತೆ ನಿಮ್ಮ ಕಿರಿಯ ತಮ್ಮ ಇತೆಲ್ ಮಾವನವರ ರಾಜ್ಯವನ್ನು ಮೂರು ಪಾಲು ಮಾಡಿದ. ಹಂಚುವವನು ಕಿರಿಯ, ಮೊದಲು ಆರಿಸುವವನು ಹಿರಿಯ. ಹಿರಿಯರಾದ ನೀವೋ ಸೆರೆಯಲ್ಲಿದ್ದೀರಿ. ನಿಮ್ಮ ಉಂಗುರ ನನ್ನ ಬಳಿ ಇರುವುದರಿಂದ ನನ್ನ ಮಾತೇ ನಿಮ್ಮ ಮಾತು ಎಂದು ಕುಲದ ಮುದುಕರು ಒಪ್ಪಿ, ಭಾನುವಾರದವರೆಗೆ ಗಡುವು ಕೊಟ್ಟಿದ್ದಾರೆ. ಒಂದು ಪಾಲು ಹೊಳೆದಂಡೆಯ ಹುಲ್ಲುಗಾವಲು ಮತ್ತು ಗಿರಣಿ. ಇನ್ನೊಂದು ಬೇಸಿಗೆಯಲ್ಲಿ ದನ ಮೇಯಿಸುವ ಗುಡ್ಡಗಳು. ಮೂರನೆಯದು ಗಡಿಯ ಕೋಟೆ. ಅದರ ಸುತ್ತ ಬರೀ ಕಲ್ಲು, ಬಡಕಲು ಕುರಿಗಳು. ಹೊರಡುವ ದಿನ ಕುದುರೆಯ ಮೇಲಿಂದ ನೀವು ಹೇಳಿದ್ದು ನನ್ನ ಕಿವಿಯಲ್ಲೇ ಇದೆ: “ಏನೇ ಆಗಲಿ, ಗಿರಣಿ ಮಾತ್ರ ಬಿಡಬೇಡ ಕಣೇ, ಮಕ್ಕಳ ರೊಟ್ಟಿ ಅದು.” ಹಾಗಾದರೆ ಯೋಚಿಸುವುದೇನಿದೆ, ಗಿರಣಿ ಎಂದರಾಯಿತು. ಆದರೆ ನಾನು ಅದನ್ನು ಹಿಡಿದರೆ ನಂತರ ಆರಿಸುವ ನಿಮ್ಮ ನಡುವಿನ ತಮ್ಮ ಇದ್ನೆರ್ಥ್ ಕೋಟೆಗೆ ಕೈ ಹಾಕುತ್ತಾನೆ. ಅಪ್ಪ ಸತ್ತ ಮೂರನೇ ದಿನದಿಂದಲೇ ಅವನು ಕತ್ತಿ ಮಸೆಯುತ್ತ ಕೂತಿದ್ದಾನೆ. “ಗಡಿಯಾಚೆ ಆಂಗ್ಲರ ದನ ಮೇಯ್ತಾ ಇದ್ರೆ ನೋಡ್ಕೊಂಡು ಕೂರೋಕೆ ನಾನೇನು ಸನ್ಯಾಸೀನಾ?” ಎನ್ನುತ್ತಾನೆ. ಆ ಕೋಟೆಯಿಂದ ಆಂಗ್ಲರ ಕಡೆಗೆ ಒಂದು ಬಾಣ ಹಾರಿದರೂ ಒತ್ತೆಯಾಳಾದ ನಿಮ್ಮ ಕೊರಳಿಗೆ ಹಗ್ಗ ಬೀಳುತ್ತದೆ. ಅದು ಅವನಿಗೆ ಗೊತ್ತಿಲ್ಲವೇ? ಗೊತ್ತಿದ್ದೂ ಹೀಗೇ?

ಇತೆಲ್‌ನ ಮನಸ್ಸು ಇನ್ನೂ ಅರ್ಥವಾಗುತ್ತಿಲ್ಲ. ಕೋಟೆಗೆ ಇಷ್ಟು ಕೆಟ್ಟ ನೆಲ ಯಾಕೆ ಸೇರಿಸಿದ? ಅಣ್ಣಂದಿರು ಬಿಟ್ಟದ್ದೇ ಕೊನೆಗೆ ಅವನಿಗೆ ಉಳಿಯುವುದಲ್ಲವೇ? ನಾನು ಅದನ್ನು ಮುಟ್ಟದಿರಲಿ ಎಂದೋ, ಮುಟ್ಟುತ್ತೇನೋ ಇಲ್ಲವೋ ನೋಡೋಣ ಎಂದೋ? ಕೇಳಿದರೆ, “ಹಂಚೋದು ನನ್ನ ಕೆಲಸ ಅತ್ತಿಗೆ, ಆರಿಸೋದು ನಿಮ್ಮ ತಲೆನೋವು” ಎಂದು ನಕ್ಕ. ಕಿರಿಯವನ ಹಕ್ಕೆಂದು ಮಾವನವರ ದೊಡ್ಡ ಕಡಾಯಿ, ಕೊಡಲಿ ಎರಡನ್ನೂ ಹೊತ್ತುಕೊಂಡು ಹೋದ. ಈಗ ಇಪ್ಪತ್ತು ಜನಕ್ಕೆ ಪುಟ್ಟ ಮಡಕೆಯಲ್ಲಿ ಗಂಜಿ ಕಾಯಿಸುತ್ತಿದ್ದೇನೆ. ಬೆಳಿಗ್ಗೆ ಅವನು ದೇವರಂಥವನು ಅನ್ನಿಸುತ್ತದೆ, ಗಂಜಿ ಉಕ್ಕಿದಾಗ ಕಳ್ಳ ಅನ್ನಿಸುತ್ತದೆ.

ನೀವೇ ಹೇಳಿ, ಯಾವುದನ್ನು ಹಿಡಿಯಲಿ? ನಿಮ್ಮ ಮಾತನ್ನು ನಾನು ಯಾವತ್ತೂ ಮೀರಿದವಳಲ್ಲ. (ಪಾದ್ರಿಗಳು ಲೇಖನಿ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದಾರೆ. ಸರಿ, ಹೆಚ್ಚಾಗಿ ಮೀರಿದವಳಲ್ಲ.) ನಿಮ್ಮನ್ನು ಬಿಟ್ಟಿರಲು ನನ್ನಿಂದ ಆಗುತ್ತಿಲ್ಲ.

ಮಕ್ಕಳ ಮುತ್ತುಗಳು, ಮನೆಯವರೆಲ್ಲರ ವಂದನೆ. ನಮ್ಮ ನಾಡಿನ ಸಂತರು ನಿಮ್ಮನ್ನು ಕಾಯಲಿ.

ನಿಮ್ಮ
ಗ್ವೆರ್ವಿಲ್

ಮತ್ತೊಂದು ಮಾತು: ಪಾದ್ರಿಗಳು ಆಗಲೇ ಕುದುರೆ ಏರಿದ್ದಾರೆ, ಜೀನಿನ ಮೇಲೆ ಕಾಗದ ಇಟ್ಟೇ ಬರೆಯುತ್ತಿದ್ದಾರೆ. ನಾನು ಆರಿಸುವ ಮೊದಲೇ ಇದ್ನೆರ್ಥ್ ತನ್ನ ಆಳುಗಳನ್ನು ಕೋಟೆಗೆ ಕಳಿಸಲು ಹೊರಟಿದ್ದಾನೆಂದು ಈ ಕಾಗದ ಮುಗಿಸಿದ ಮೇಲೆ ತಿಳಿಯಿತು. ನಿಮ್ಮ ಉತ್ತರಕ್ಕೆ ಕಾಯಲಾಗಲಿಲ್ಲ. ಮುದುಕರೆದುರು ಸಂತರ ಗಂಟೆ ಮುಟ್ಟಿ ಆಣೆಯಿಟ್ಟು ಕೋಟೆಯನ್ನು ಆರಿಸಿದೆ. ಗಿರಣಿ ಹೋಯಿತು. ನಾಳೆ ಮಕ್ಕಳನ್ನು ಕರೆದುಕೊಂಡು ಆ ಕಲ್ಲುಗಳ ನಡುವೆ ಹೋಗುತ್ತೇನೆ. ಕೋಟೆಯ ಬಾಗಿಲ ಬೀಗದಕೈ ನನ್ನ ಸೊಂಟದಲ್ಲೇ ಇರುತ್ತದೆ. ಇತೆಲ್ ಆ ದೊಡ್ಡ ಕಡಾಯಿಯನ್ನು ತಂದು ನನ್ನ ಗಾಡಿಗೆ ಹಾಕಿದ. “ಅಲ್ಲಿ ಚಳಿ ಜಾಸ್ತಿ ಅತ್ತಿಗೆ” ಎಂದ, ಅಷ್ಟೇ. ನಿಮ್ಮ ಮಾತು ಮೀರಿದ್ದೇನೆ. ಬೈಯುವುದಿದ್ದರೆ ಕಾಗದದಲ್ಲಿ ಬೇಡ, ಮನೆಗೆ ಬಂದು ಬೈಯಿರಿ.