ಮೊದಲು ಓದುವ ಪುಸ್ತಕ

ಜನವರಿ 5

ಅಕ್ಷರ ಓರೆಯಾಗಿದೆ. ಗುಲಾಬಿ ಮುಳ್ಳು ಚುಚ್ಚಿ ಬೆರಳಿಗೆ ಟೇಪ್ ಸುತ್ತಿದ್ದೇನೆ. ಒತ್ತಕ್ಷರಗಳೂ ತಪ್ಪಿರುತ್ತವೆ. ಐದನೇ ಕ್ಲಾಸಿಗೇ ನಿಂತ ಕೈ. ಓದುವವರು ಯಾರೂ ಇಲ್ಲ, ಆದರೂ ಕ್ಷಮಿಸಿ.

ನಾನು ಕೆಲಸ ಮಾಡುವ ಗುಲಾಬಿ ಪಾಲಿಹೌಸಿನಲ್ಲಿ ಇವತ್ತು ಬರೀ ಕೆಂಪು ಹೂ. ಉದ್ದ ನೋಡಿ ವಿಂಗಡಿಸುವುದು, ಕಟ್ಟುವುದು, ಕಂದು ಕಾಗದ ಸುತ್ತುವುದು. ಮನೆಗೆ ಬಂದರೆ ತಮ್ಮನ ಕೋಣೆಯ ಬಾಗಿಲು ಮುಚ್ಚಿಯೇ ಇದೆ. ಹೊರಗಿಟ್ಟ ತಟ್ಟೆಯಲ್ಲಿ ಮುದ್ದೆ ಒಣಗಿದೆ.

ದೇವರಾಜು ಚೆನ್ನೈಯಲ್ಲಿ ಎಂ.ಎಸ್ಸಿ. ಫಿಸಿಕ್ಸ್ ಓದುತ್ತಿದ್ದ. ದೀಪಾವಳಿಗೆ ಬಂದವನು ಮತ್ತೆ ಹೋಗಲಿಲ್ಲ. ಪರೀಕ್ಷೆಯನ್ನೂ ಬರೆಯಲಿಲ್ಲ. ಯಾಕೆಂದು ಹೇಳಲಿಲ್ಲ. ಆಮೇಲೆ ಮಾತೇ ನಿಂತಿತು. ಮೊದಲೆಲ್ಲ ಫೋನಿನಲ್ಲಿ ಸ್ಟ್ರಿಂಗ್ ಥಿಯರಿ, ಸ್ಟ್ರಿಂಗ್ ಥಿಯರಿ ಅಂತ ಒಂದೇ ಸಮ ಹೇಳುತ್ತಿದ್ದ. ಒಗ್ಗರಣೆ ಹಾಕುತ್ತಾ ಹೂಂಗುಟ್ಟುತ್ತಿದ್ದೆ. ಅದನ್ನೇ ನಾನೂ ಸ್ವಲ್ಪ ಓದಿಕೊಂಡರೆ... ಊಟಕ್ಕೆ ಕರೆದರೆ ಓಗೊಡದವನು ಅದಕ್ಕಾದರೂ ಓಗೊಡಬಹುದು.

ಜನವರಿ 7, ಭಾನುವಾರ

ಹೊಸೂರಿಗೆ ಹೋದೆ. ರಘೋತ್ತಮ ಸಾರ್ ದೇವುಗೆ ಪ್ಲಸ್ ಟೂನಲ್ಲಿ ಫಿಸಿಕ್ಸ್ ಕಲಿಸಿದವರು. ಗೇಟಿನ ಹತ್ತಿರ ನಿಂತು, ಕರೆಯಲಾಗದೆ ವಾಪಸ್ ಹೊರಟಿದ್ದೆ. ಅವರೇ ನೋಡಿ ಒಳಗೆ ಕರೆದರು.

“ಸ್ಟ್ರಿಂಗ್ ಥಿಯರಿ ಕಲಿಯೋಕೆ ಮೊದ್ಲು ಯಾವ ಪುಸ್ತಕ ಓದ್ಬೇಕು ಸಾರ್?”

“ಯಾರಿಗೆ, ದೇವರಾಜುಗಾ?”

“ನಂಗೆ.”

“ನೀನೆಷ್ಟು ಓದಿದೀಯಮ್ಮ?”

“ಐದು.”

ನಗಲಿಲ್ಲ. ನಕ್ಕಿದ್ದರೆ ಎದ್ದು ಬರುವುದು ಸುಲಭವಿತ್ತು. ಕಪಾಟಿನಿಂದ ದಪ್ಪದೊಂದು ಇಂಗ್ಲಿಷ್ ಪುಸ್ತಕ ತೆಗೆದರು. ಇದಕ್ಕೆ ಮುಂಚೆ ಕ್ವಾಂಟಮ್ ಬೇಕು ಅಂತ ಇನ್ನೊಂದು. ಅದಕ್ಕೆ ಮುಂಚೆ ಕ್ಯಾಲ್ಕುಲಸ್ ಅಂತ ಮತ್ತೊಂದು. ಅದಕ್ಕೂ ಮುಂಚೆ... ಕೈ ಕಪಾಟಿನಲ್ಲೇ ನಿಂತಿತು.

“ಲೆಕ್ಕ ಇಲ್ದೇ ಬರೆದಿರೋದು ಒಂದಿದೆಯಮ್ಮ, ತಮಿಳಲ್ಲಿ. ತಮಿಳು ಬರುತ್ತಲ್ವಾ?”

ಬರುತ್ತೆ ಅಂದೆ. ಮಾತು ಬರುತ್ತದೆ. ನಾನು ಹೋಗಿದ್ದು ಕನ್ನಡ ಸ್ಕೂಲಿಗೆ; ತಮಿಳು ಓದಲು ಬರುವುದಿಲ್ಲ, ಬಸ್ಸಿನ ಬೋರ್ಡಿನಷ್ಟು ಬಿಟ್ಟರೆ. ಅದನ್ನು ಹೇಳಲು ನಾಚಿಕೆಯಾಯಿತು. ಬಸ್ಸಿನಲ್ಲಿ ಆ ಪುಸ್ತಕದ ಚಿತ್ರಗಳನ್ನಷ್ಟೇ ನೋಡುತ್ತಾ ಬಂದೆ.

ಜನವರಿ 9, ಊಟದ ಬಿಡುವು

ನನ್ನ ಪಕ್ಕದಲ್ಲೇ ಹೂ ಕಟ್ಟುವ ಮಾಲಾ ತಮಿಳು ಸ್ಕೂಲಿನವಳು. ಪುಸ್ತಕ ಅವಳ ಕೈಗಿಟ್ಟೆ.

“ಏನೇ ಇದು? ಬಿರಿಯಾನಿ ಮಾಡೋದ್ ಗೀಡೋದ್ ಐತಾ ಒಳ್ಗೆ?”

“ಸುಮ್ನೆ ಓದೇ. ನಾನ್ ಬರ್ಕಂತೀನಿ.”

ಅವಳು ತಮಿಳನ್ನು ಗಟ್ಟಿಯಾಗಿ ಓದುವುದು, ನಾನು ಆ ತಮಿಳನ್ನೇ ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುವುದು. ಕಲ್ಲು, ನೀರು, ಹೂವು — ಎಲ್ಲವೂ ಕಣ್ಣಿಗೆ ಕಾಣದ ಎಳೆಗಳಿಂದ ಆದವಂತೆ. ಎಳೆ ಹೇಗೆ ಅದುರಿದರೆ ಹಾಗೆ ವಸ್ತು. ನಮಗೆ ಗೊತ್ತಿರುವ ದಿಕ್ಕುಗಳಲ್ಲದೆ ಇನ್ನೂ ಇವೆಯಂತೆ, ಸುರುಟಿಕೊಂಡು.

“ನಿನ್ ತಮ್ಮ ಇದಕ್ಕೇನೇ ತಲೆ ಕೆಡಿಸ್ಕಂಡಿದ್ದು?” ಅಂದಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡು, ಬೇಗ ಬೇಗ ಮುಂದಿನ ಸಾಲು ಓದಿದಳು.

ಜನವರಿ 15, ಹಬ್ಬ

ರಜೆ. ಕೋಣೆಯ ಬಾಗಿಲಿಗೆ ಒರಗಿ ಕೂತೆ.

“ದೇವು, ಕೇಳ್ಸ್ಕ. ತಪ್ಪಿದ್ರೆ ಹೇಳು.”

ಬರೆದುಕೊಂಡಿದ್ದ ತಮಿಳನ್ನು ಓದಿದೆ. ಎಡವಿ, ಮತ್ತೆ ಓದಿದೆ. ಎರಡು ಹಾಳೆ ಆಗಿತ್ತು.

“ಅಕ್ಕ... ಸಾಕು.”

ದನಿ ಒರಟಾಗಿತ್ತು. ಎಷ್ಟು ದಿನದ ಮೇಲೆ!

“ತಪ್ಪೈತಾ?”

“ತಪ್ಪಿಲ್ಲ. ಕಥೆ ಅದು. ಅದ್ರಿಂದ ಕಲಿಯಕ್ಕಾಗಲ್ಲ.”

“ಹಂಗಾರೆ ಮೊದ್ಲು ಯಾವ್ದು ಓದ್ಲಿ, ನೀನೇ ಹೇಳ್ಲಾ.”

ಒಳಗೆ ಮಂಚ ಕಿರುಗುಟ್ಟಿತು.

“ನೀನು ಎಲ್ಲಿ ಬಿಟ್ಟಿದ್ಯೋ ಅಲ್ಲಿಂದ. ಆರ್ನೇ ಕ್ಲಾಸ್ ಲೆಕ್ಕ.”

ಒಲೆ ಬಿಟ್ಟು ಅಮ್ಮ ಓಡಿ ಬಂದಳು. “ಮಾತಾಡ್ದ್ನಾ? ಏನಂದ? ಅನ್ನ ಕೇಳಿದ್ನಾ?”

“ಲೆಕ್ಕದ ಪುಸ್ತಕ ಅಂದ.”

ಅಮ್ಮ ಅದಕ್ಕೂ ಕೈ ಮುಗಿದಳು.

ಆರನೇ ಕ್ಲಾಸಿನ ಸ್ಕೂಲು ಸಾನಮಾವು ಕಾಡಿನ ಆಚೆ ಇತ್ತು. ಆ ವರ್ಷ ಆನೆಗಳು ದಾರಿಯಲ್ಲೇ ಬೀಡುಬಿಟ್ಟವು. ಹುಡುಗಿಯರನ್ನೆಲ್ಲ ಸ್ಕೂಲು ಬಿಡಿಸಿದರು. ದೇವು ಆರಕ್ಕೆ ಬರುವ ಹೊತ್ತಿಗೆ, ಸ್ಕೂಲಿಗೆ ಬಿಟ್ಟು ಬರಲು ಅಪ್ಪನ ಹತ್ತಿರ ಗಾಡಿ ಬಂದಿತ್ತು.

ಜನವರಿ 28

ಆಸ್ಪತ್ರೆಯಲ್ಲಿದ್ದೆವು. ದೇವು ಬದುಕಿದ. ಏನು ಮಾಡಿಕೊಂಡ ಎಂದು ಇಲ್ಲಿ ಬರೆಯುವುದಿಲ್ಲ.

ಮನೆಗೆ ಬಂದ ಕೂಡಲೇ ಅಪ್ಪ ಕೋಣೆಯ ಒಳ ಚಿಲಕ ಬಿಚ್ಚಿದರು. ಬಾಗಿಲು ಈಗ ಯಾವಾಗಲೂ ತೆರೆದೇ ಇರುತ್ತದೆ. ನಾನು ಬೇಡಿಕೊಂಡದ್ದು ಅದನ್ನೇ. ಹೀಗಲ್ಲ.

ಫೆಬ್ರವರಿ 4

ಗುಮ್ಮಳಾಪುರದ ಅತ್ತೆ ಅವರ ಮಗಳ ಹಳೇ ಪುಸ್ತಕ ಕಳಿಸಿದರು. ಆರನೇ ತರಗತಿ, ಗಣಿತ, ಕನ್ನಡದಲ್ಲೇ. ಅಂಚು ಹರಿದಿದೆ. ಮಂಚದ ಪಕ್ಕ ಕೂತೆ.

“ತರಿಸ್ದೆ ಕಣ್ಲಾ. ಎಲ್ಲಿಂದ ಸುರು ಮಾಡ್ಲಿ?”

ಮಾತ್ರೆಯಿಂದ ಅವನ ಕಣ್ಣು ಎಳೆಯುತ್ತದೆ. ಪುಸ್ತಕ ನೋಡಿದ. ನನ್ನನ್ನೂ ನೋಡಿದ.

“ನಂಗಾಗಲ್ಲಕ್ಕ. ನೀನೇ ಓದ್ಕ.” ಗೋಡೆಯ ಕಡೆ ತಿರುಗಿ ಮಲಗಿದ.

ಈ ಪುಸ್ತಕದಿಂದ ಸಾರ್ ಮೊದಲು ತೆಗೆದ ಆ ದಪ್ಪ ಪುಸ್ತಕಕ್ಕೆ ಎಷ್ಟು ವರ್ಷವೋ. ಅಲ್ಲಿಯವರೆಗೆ ಅವನು ಇರಬೇಕಲ್ಲ... ಮೊದಲ ಪಾಠ ದೊಡ್ಡ ಸಂಖ್ಯೆಗಳು. ಮೊದಲ ಲೆಕ್ಕವೇ ತಪ್ಪಿತು.

ಫೆಬ್ರವರಿ 6, ಬೆಳಿಗ್ಗೆ 5.40

ಆರಕ್ಕೆ ವ್ಯಾನ್. ಹೂವಿನ ಆರ್ಡರ್ ಜಾಸ್ತಿ. ದೇವು ಮಲಗಿದ್ದಾನೆ. ಎದೆ ಏರಿ ಇಳಿಯುವುದನ್ನು ನೋಡಿಕೊಂಡೇ ಈಚೆ ಬಂದೆ. ಅವನು ಎದ್ದು ಕಲಿಸುತ್ತಾನೆ ಎಂದು ಈಗ ಅಂದುಕೊಳ್ಳುವುದಿಲ್ಲ.

ಹೂ ಸುತ್ತುವ ಕಂದು ಕಾಗದದ ಚೂರು ತಂದಿದ್ದೆ. ಅದರಿಂದ ಪುಸ್ತಕಕ್ಕೆ ಹೊದಿಕೆ ಹಾಕಿದೆ. ಮೇಲೆ ಆರನೇ ತರಗತಿ, ಗಣಿತ ಎಂದು ಬರೆದೆ. ಹೆಸರು ಇನ್ನೂ ಬರೆದಿಲ್ಲ, ವ್ಯಾನ್ ಬಂತು.