ಮೂರನೆಯ ನಮಸ್ಕಾರ

ಅಲ್ಮಾಟಿ, ಮಾರ್ಚ್ 28

ಅಪ್ಪ,

ಏಪ್ರಿಲ್ ಐದಕ್ಕೆ, ನಮ್ಮ ಕೊರಿಯನ್ನರು ಹಿರಿಯರ ಸಮಾಧಿ ಶುಚಿಮಾಡುವ ದಿನ, ಅಜ್ಜಿಯ ಸಮಾಧಿಗೆ ನಾನೂ ಬರುತ್ತೇನೆ. "ಮುಸ್ಲಿಂ ಆದವಳು ಅಡ್ಡ ಬೀಳಲ್ಲ, ಸಮಾಧಿಗೆ ವೋಡ್ಕಾ ಸುರಿಯಲ್ಲ. ಮತ್ತೆ ಅಲ್ಲಿಗೆ ಬಂದು ಏನ್ ಮಾಡ್ತಾಳಂತೆ?" ಎಂದು ಗೆನ್ನಾಡಿ ಚಿಕ್ಕಪ್ಪನ ಕೈಲಿ ಕೇಳಿಸಿದ್ದೀರಿ. ನಿಜ, ಎರಡನ್ನೂ ಮಾಡುವುದಿಲ್ಲ. ನೆಂಟರೆದುರು ಜಗಳವಾಗಬಾರದೆಂದು ಮೊದಲೇ ಬರೆಯುತ್ತಿದ್ದೇನೆ.

ಮಸೀದಿಯಲ್ಲಿ ಮೊದಲ ಸಲ ನಮಾಜಿಗೆ ನಿಂತಾಗ, ಹಣೆಯನ್ನು ನೆಲಕ್ಕಿಡುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಅಜ್ಜಿ ಕಲಿಸಿದ್ದು ಮೈಗೆ ಗೊತ್ತಿತ್ತು. ನಮಾಜಿನಲ್ಲಿ ಪ್ರತಿ ಸುತ್ತಿಗೆ ಎರಡು ಸಲ ಇಟ್ಟು ಏಳಬೇಕು. ನಮ್ಮವರು ಸಮಾಧಿಗೆ ಮೂರು ಸಲ ಅಡ್ಡ ಬೀಳುವ ರೂಢಿಯಲ್ಲಿ ನಾನು ಮತ್ತೊಮ್ಮೆ ಬಾಗಿಬಿಟ್ಟೆ. ನಮಾಜು ಮುಗಿದ ಮೇಲೆ ಪಕ್ಕದ ಜೌರೆಶ್ ಅಕ್ಕ, "ಆ ಮೂರನೇದು ಯಾರಿಗಮ್ಮ?" ಎಂದು ನಕ್ಕಳು.

ಈಗ ಲೆಕ್ಕ ತಪ್ಪುವುದಿಲ್ಲ. ಎರಡೇ.

ಸಮಾಧಿಯ ಬೇಲಿಗೆ ನೀಲಿ ಬಣ್ಣ ನಾನು ತರುತ್ತೇನೆ, ನೀವು ಕುಂಚ ನೆನೆಸಿಡಿ. ಅಜ್ಜಿಯ ಮೇಲೆ ಬೆಳೆದ ಹುಲ್ಲನ್ನು ಮಾತ್ರ ಯಾರೂ ಮುಟ್ಟಬಾರದು. ಅದನ್ನು ನಾನೇ ಮಂಡಿಯೂರಿ ಕೈಯಲ್ಲಿ ಕೀಳುತ್ತೇನೆ. ನೋಡಿದವರು ನಮಸ್ಕಾರ ಅಂದುಕೊಂಡರೆ ಅಂದುಕೊಳ್ಳಲಿ, ನಾನು ತಿದ್ದಲು ಹೋಗುವುದಿಲ್ಲ.

ತಲೆಗೆ ವಸ್ತ್ರ ಕಟ್ಟಿಕೊಂಡೇ ಬರುವ ನಿಮ್ಮ ಮಗಳು,
ರಿಮ್ಮಾ